ಅತ್ತೆಯ ಬಲಗೈ

ಬಾಯಿ ಮರಗಟ್ಟಿರುವಾಗ ಮಾತಾಡಬೇಡಿ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ಆದರೂ ಕುರ್ಚಿಯಲ್ಲಿ ಒರಗಿದ್ದ ಚಿತ್ರಕಾರ್ತಿ ತೆರೆದ ಬಾಗಿಲಿನಾಚೆ, ರೋಗಿಗಳು ಕಾಯುವ ಕೋಣೆಯ ಗೋಡೆಯತ್ತ ಬೆರಳು ಮಾಡಿದಳು.

"ಆ ಕೈ ತಫ್ಫಾಗಿದೆ" ಎಂದಳು. ತುಟಿ ಅವಳ ಮಾತು ಕೇಳುತ್ತಿರಲಿಲ್ಲ.

"ಮೊದಲು ಹಲ್ಲು. ಕೈ ಆಮೇಲೆ" ಎಂದು ಡಾಕ್ಟರಮ್ಮ ಇಕ್ಕಳ ಎತ್ತಿಕೊಂಡರು.

ಹಲ್ಲು ಕಿತ್ತಾದ ಮೇಲೆ ಹತ್ತಿಯುಂಡೆ ಕಚ್ಚಿಕೊಂಡು ಅವಳು ಹೊರಗಿನ ಬೆಂಚಿನಲ್ಲಿ ಕೂತಳು. ಎದುರಿಗೇ ಅವಳು ಬರೆದ ಚಿತ್ರ. ಮಂಚದ ಅಂಚಿನಲ್ಲಿ ಕೂತ ಮುದುಕಿ, ಮಡಿಲ ಮೇಲೆ ಬೂದುಬಣ್ಣದ ಕಂಬಳಿ, ಗಾಳಿಯಲ್ಲಿ ಮುಂದಕ್ಕೆ ಚಾಚಿದ ಬಲಗೈ. ಮುದುಕಿ ಏನು ಕೇಳುತ್ತಿದ್ದಾಳೆ ಎಂದು ರೋಗಿಗಳು ಹಲ್ಲುನೋವು ಮರೆತು ವಾದ ಮಾಡುವುದಿತ್ತು. ನೀರು ಎಂದು ಒಬ್ಬರು, ಊರುಗೋಲು ಎಂದು ಇನ್ನೊಬ್ಬರು.

ಆ ಕೋಣೆಯ ಗೋಡೆಗಳ ತುಂಬ ಹೆಂಗಸರು ಬರೆದ ಚಿತ್ರಗಳೇ. "ನಮ್ಮನೆಯವಳು ಒಂದು ಕಡೆ ಹಲ್ಲು ಕೀಳ್ತಾಳೆ, ಇನ್ನೊಂದು ಕಡೆ ಮೊಳೆ ಹೊಡೀತಾಳೆ" ಎಂದು ಡಾಕ್ಟರಮ್ಮನ ಗಂಡ ಬಂದವರೆದುರು ನಗೆಯಾಡುತ್ತಿದ್ದರು. ಇದು ಶುರುವಾದದ್ದು ರಸ್ತೆಯ ಆಚೆ, ಕನ್ನಡಕದ ಅಂಗಡಿಯ ಮಹಡಿಯಲ್ಲಿ. ಅಲ್ಲಿನ ಎರಡು ಕೋಣೆಗಳಲ್ಲಿ ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರು ಗ್ಯಾಲರಿ ತೆರೆದಿದ್ದರು. ಬರೀ ಹೆಂಗಸರದ್ದೇ ಯಾಕೆ ಎಂದು ಯಾರಾದರೂ ಕೆಣಕಿದರೆ, "ಗಂಡಸರಿಗೆ ಊರಿನ ಗೋಡೆಯೆಲ್ಲಾ ಇದೆಯಲ್ಲಪ್ಪ, ಇವೆರಡು ನಮಗಿರ್ಲಿ" ಎನ್ನುತ್ತಿದ್ದರು. ಕನ್ನಡಕ ರೆಡಿಯಾಗುವವರೆಗೆ ಹೊತ್ತು ಕಳೆಯಲು ಡಾಕ್ಟರಮ್ಮ ಒಂದು ದಿನ ಮೆಟ್ಟಿಲು ಹತ್ತಿದವರು ಈ ಮುದುಕಿಯ ಮುಂದೆ ಕಾಲು ಕಿತ್ತಿಡಲಾರದೆ ನಿಂತುಬಿಟ್ಟಿದ್ದರು. ಅವರು ಕೊಂಡ ಮೊದಲ ಚಿತ್ರ ಅದು. ಅಲ್ಲಿಂದ ಮುಂದೆ ಪ್ರತಿ ಪ್ರದರ್ಶನದಲ್ಲೂ ಒಂದಾದರೂ ಕೊಂಡರು. ಉದ್ಘಾಟನೆಯ ಸಂಜೆ ಕ್ಲಿನಿಕ್ಕಿನ ಕುರ್ಚಿಗಳೆಲ್ಲ ರಸ್ತೆ ದಾಟಿ ಮಹಡಿ ಹತ್ತುತ್ತಿದ್ದವು.

ಕಾಲು ಕಿತ್ತಿಡಲಾರದೆ ನಿಂತದ್ದು ಯಾಕೆಂದು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ.

ಹತ್ತಿ ತೆಗೆದ ಮೇಲೆ ಚಿತ್ರಕಾರ್ತಿ ನೇರವಾಗಿ ವಿಷಯಕ್ಕೆ ಬಂದಳು. "ಡಾಕ್ಟ್ರೇ, ಅದನ್ನ ಸ್ವಲ್ಪ ದಿನ ನನಗೆ ಕೊಡಿ. ಕೈ ಸರಿಮಾಡಿ ಕೊಡ್ತೀನಿ."

"ಅದಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ."

"ಚೆನ್ನಾಗಿದೆ, ಆದ್ರೆ ಸುಳ್ಳು. ಅವರು ನಮ್ಮತ್ತೆ. ನನ್ನ ಮೊದಲನೇ ಪ್ರದರ್ಶನದ ದಿನ ಅವರಿಗೆ ಮೈ ಕೆಂಡದಂಥ ಜ್ವರ. ಹೊರಟವಳು ಬಾಗಿಲಲ್ಲಿ ತಿರುಗಿ ನೋಡಿದ್ರೆ ಕೈ ಎತ್ತಿದ್ರು. ಹೋಗ್ಬೇಡ ಅಂತ ತಡೀತಿದ್ದಾರೆ ಅಂದ್ಕೊಂಡೆ. ಸಿಟ್ಟಲ್ಲೇ ಹೋದೆ, ಸಿಟ್ಟಲ್ಲೇ ಬರೆದೆ. ಹೋದ ತಿಂಗಳು ನಾನೂ ಜ್ವರ ಬಂದು ಮಲಗಿದ್ದೆ. ಮಗಳು ಕೆಲಸಕ್ಕೆ ಹೋಗ್ಲೋ ಬೇಡ್ವೋ ಅಂತ ಬಾಗಿಲಲ್ಲಿ ನಿಂತ್ಳು. ನನ್ನ ಕೈ ತಾನಾಗೇ ಎದ್ದಿತು. ಹೋಗು ತಾಯಿ, ನನ್ನ ಚಿಂತೆ ಬಿಡು ಅಂತ." ಅವಳು ಊದಿದ ಕೆನ್ನೆ ಒತ್ತಿಕೊಂಡಳು. "ಅತ್ತೆ ಹೋಗು ಅಂದಿದ್ರು. ನಾನು ಅವರನ್ನ ಬೇಡೋಳ ಹಾಗೆ ಮಾಡಿ ಇಲ್ಲಿ ಕೂರಿಸಿದೀನಿ."

"ಹಾಗಿದ್ರೆ ಹೊಸದೊಂದು ಬರೀರಿ. ನಾನೇ ತಗೋತೀನಿ."

"ಬರೀಬಹುದು. ಇದು ಇಲ್ಲೇ ಇರುತ್ತಲ್ಲ. ನೀವು ಯಾವತ್ತೋ ತುಂಬಿದ ಹಲ್ಲು ಸರಿಯಾಗಿಲ್ಲ ಅಂತ ನಿಮಗೇ ಕಂಡ್ರೆ ಏನ್ಮಾಡ್ತೀರಿ?"

"ಬಾಯಿ ತೆರೀರಿ ಅಂತೀನಿ" ಎಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ, "ಯೋಚನೆ ಮಾಡಿ ಹೇಳ್ತೀನಿ" ಎಂದರು.

ಸಂಜೆ ಡಾಕ್ಟರಮ್ಮ ಗ್ಯಾಲರಿಗೆ ಹೋದಾಗ ಟೀಚರ್ ಏಣಿಯ ಮೇಲೆ ನಿಂತು ದೀಪದ ಧೂಳು ಒರೆಸುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ಅದು ನಿಮ್ಮ ಸ್ವತ್ತು. ಆಗಲ್ಲ ಅಂದ್ರೆ ಅವಳೂ ತುಟಿ ಬಿಚ್ಚಲ್ಲ, ನಾನೂ ಬಿಚ್ಚಲ್ಲ" ಎಂದರು. ಏಣಿಯಿಂದ ಇಳಿದು ಬಂದು, "ಆದ್ರೆ ನೀವು ನನ್ನನ್ನ ಕೇಳೋಕೆ ಬಂದಿಲ್ಲ. ಬೇಡ ಅಂತ ನನ್ನ ಬಾಯಲ್ಲಿ ಹೇಳಿಸೋಕೆ ಬಂದಿದೀರಿ" ಎಂದು ನಕ್ಕರು.

ಡಾಕ್ಟರಮ್ಮನಿಗೂ ನಗು ಬಂತು.

ಊಟದ ಮೇಜಿನಲ್ಲಿ ಗಂಡನ ಮುಂದೆ ಬಾಯಿಬಿಟ್ಟರು. "ಅದು ನಮ್ಮಮ್ಮನ ಕೈ. ಕೊನೇ ದಿನಗಳಲ್ಲಿ ನಾನು ಕ್ಲಿನಿಕ್ಕಿಗೆ ಹೊರಟ ಕೂಡ್ಲೇ ಹಾಗೇ ಎತ್ತೋರು. ಇನ್ನೊಂಚೂರು ಕೂತ್ಕೋ ಅಂತ."

"ಅವಳು ಅತ್ತೆ ಕೈ ಅಂತಾಳೆ, ನೀನು ಅಮ್ಮನ ಕೈ ಅಂತೀಯ. ಇಬ್ಬರು ಮುದುಕಿಯರಿಗೆ ಒಂದೇ ಕೈ" ಎಂದ ಗಂಡ, ಹೆಂಡತಿಯ ಮುಖ ನೋಡಿ ಹಗುರ ಮಾತು ನಿಲ್ಲಿಸಿದರು. "ನಿಮ್ಮಮ್ಮ ಏನಾದ್ರೂ ಹೇಳ್ತಿದ್ರಾ, ಬರೀ ಕೈ ಎತ್ತೋರಾ?" ಎಂದು ಕೇಳಿದರು.

"ಮಾತು ನಿಂತುಹೋಗಿತ್ತಲ್ಲ."

ಡಾಕ್ಟರಮ್ಮ ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದರು.

ಭಾನುವಾರ ಅವರೇ ಚಿತ್ರ ಇಳಿಸಿ, ಹಳೆಯ ಹಾಸಿಗೆ ಹೊದಿಕೆಯಲ್ಲಿ ಸುತ್ತಿ ರಸ್ತೆ ದಾಟಿದರು. ಗ್ಯಾಲರಿಯ ಹಿಂಬದಿ ಕೋಣೆಯಲ್ಲಿ ಚಿತ್ರಕಾರ್ತಿ ಚಪ್ಪಟೆ ಚಾಕುವಿನಿಂದ ಹಳೆಯ ಬಣ್ಣ ಕೆರೆಯತೊಡಗಿದಳು. ದಿನಬೆಳಗಾದರೆ ಹಲ್ಲಿನ ಪಾಚಿ ಕೆರೆಯುವ ಡಾಕ್ಟರಮ್ಮನಿಗೆ ಆ ಸದ್ದು ಕೇಳಲಾಗಲಿಲ್ಲ. ಮೊದಲು ಬೆರಳ ತುದಿಗಳು ಹೋದವು. ಆಮೇಲೆ ಅಂಗೈ. ಮುದುಕಿ ಮೊಂಡುಗೈಯವಳಾಗಿ ಕೂತಳು.

"ನೋಡೋಕಾಗ್ತಿಲ್ಲ. ಹೊರಡ್ತೀನಿ" ಎಂದು ಅವರು ಎದ್ದರು.

"ಒಂದ್ನಿಮಿಷ. ನಿಮ್ಮ ಬಲಗೈ ಎತ್ತಿ" ಎಂದಳು ಚಿತ್ರಕಾರ್ತಿ. "ನನ್ನ ಕೈ ನೋಡ್ಕೊಂಡು ನಾನೇ ಬರೆಯೋಕಾಗ್ತಿಲ್ಲ. ನಿಮ್ಮದು ವಯಸ್ಸಿಗೂ ಸರಿಹೋಗುತ್ತೆ, ಕೋಪ ಮಾಡ್ಕೋಬೇಡಿ."

ಡಾಕ್ಟರಮ್ಮ ಮತ್ತೆ ಕೂತು ಕೈ ಎತ್ತಿದರು.

"ಹಾಗಲ್ಲ, ಅದು ಬಸ್ಸು ನಿಲ್ಸೋ ಕೈ. ನಿಮ್ಮೋರು ಯಾರೋ ಬಾಗಿಲಲ್ಲಿ ನಿಂತಿದಾರೆ. ಹೋಗೋಕೆ ಅವರಿಗೆ ಮನಸ್ಸಿಲ್ಲ. ನೀವು ಕಳಿಸ್ತಿದೀರಿ. ಸಿಟ್ಟಿಲ್ದೆ."

ಕೈ ಸ್ವಲ್ಪ ಕೆಳಗಿಳಿಯಿತು. ಬೆರಳುಗಳು ಸಡಿಲಾಗಿ ಅಂಗೈ ತೆರೆದುಕೊಂಡಿತು. ಎದುರಿನ ಖಾಲಿ ಬಾಗಿಲನ್ನೇ ಅವರು ನೋಡುತ್ತಿದ್ದರು. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲು ಕೈ ಇಳಿಸಲಿಲ್ಲ.

"ಹಾ, ಹಾಗೇ ಇರಿ" ಎಂದು ಚಿತ್ರಕಾರ್ತಿ ಕುಂಚ ಎತ್ತಿಕೊಂಡಳು.

ಎರಡು ವಾರದ ಮೇಲೆ ಚಿತ್ರ ಗೋಡೆಗೆ ಮರಳಿತು. ಡಾಕ್ಟರಮ್ಮನಿಗೆ ಅದು ಇನ್ನೂ ಒಗ್ಗಿರಲಿಲ್ಲ. ಮನೆಗೆ ಹೊಸದಾಗಿ ಬಂದ ನೆಂಟರನ್ನು ನೋಡುವಂತೆ ಹೋಗುತ್ತಾ ಬರುತ್ತಾ ಕಡೆಗಣ್ಣಲ್ಲಿ ನೋಡುತ್ತಿದ್ದರು. ದವಡೆಗೆ ಕೈಯಾನಿಸಿ ಕೂತಿದ್ದ ಹಳೆಯ ರೋಗಿಯೊಬ್ಬರು ಬಹಳ ಹೊತ್ತು ದಿಟ್ಟಿಸಿ, "ಏನಮ್ಮಾ, ಅಜ್ಜಿ ಹುಷಾರಾದ ಹಾಗಿದೆ" ಎಂದರು.

"ಹೂಂ. ಮುಟ್ಟಬೇಡಿ, ಬಣ್ಣ ಇನ್ನೂ ಹಸಿ ಇದೆ" ಎಂದು ಡಾಕ್ಟರಮ್ಮ ಧೂಳು ಕೂರದಿರಲೆಂದು ಫ್ಯಾನು ಆರಿಸಿದರು. ಲವಂಗದ ಎಣ್ಣೆಯ ವಾಸನೆಯ ನಡುವೆ ಬಣ್ಣದ ಅಗಸೆ ಎಣ್ಣೆಯ ವಾಸನೆ ನಿಧಾನಕ್ಕೆ ಕೋಣೆ ತುಂಬಿತು. ಸೆಕೆಗೆ ರೋಗಿಗಳು ಒಬ್ಬೊಬ್ಬರಾಗಿ ಹಳೆಯ ಪತ್ರಿಕೆ ಎತ್ತಿಕೊಂಡು ಬೀಸಿಕೊಳ್ಳತೊಡಗಿದರು. ಫ್ಯಾನು ಹಾಕಿ ಎಂದು ಯಾರೂ ಕೇಳಲಿಲ್ಲ.