ಸೂಜಿಯಕ್ಕ ಓಡಿದ ದಿನ

ಆ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸನ್ನು ಎಲ್ಲರೂ ಸೂಜಿಯಕ್ಕ ಅಂತಲೇ ಕರೆಯುತ್ತಿದ್ದರು. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಅಂಥವಳು ಕಳೆದ ಚಳಿಗಾಲದಲ್ಲಿ, ಕತ್ತರಿ ಹಿಡಿದು ನಿಂತಲ್ಲೇ ಎದೆ ಒತ್ತಿಕೊಂಡು ಕುಸಿದಳು. ಹೃದಯಾಘಾತ. ಡಾಕ್ಟರುಗಳು ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ, ಜೀವ ಉಳಿಸಿ ಮನೆಗೆ ಕಳಿಸಿದರು. ಎದೆಯೇನೋ ರಿಪೇರಿಯಾಯಿತು; ಹೋದ ಧೈರ್ಯ ಮಾತ್ರ ವಾಪಸು ಬರಲಿಲ್ಲ.

ತುಂಬಿದ ಎಣ್ಣೆ ಗಿಂಡಿಯನ್ನು ತಲೆಯ ಮೇಲಿಟ್ಟುಕೊಂಡವಳ ಹಾಗೆ ನಡೆಯತೊಡಗಿದಳು. ನಾಲ್ಕು ಮೆಟ್ಟಿಲು ಹತ್ತಿ ಎದೆ ಡವಡವ ಅಂದರೆ ಸಾಕು, ಅಲ್ಲೇ ಕೂತುಬಿಡುವಳು. ಹೊಲಿಗೆ ಯಂತ್ರ ತುಳಿಯುವುದಕ್ಕೂ ಹೆದರಿ ಮೋಟರು ಹಾಕಿಸಿಕೊಂಡಳು.

ಸಿಟಿ ಬಸ್ಸಿನ ಡ್ರೈವರ್ ಆಗಿದ್ದ ಅವಳ ತಮ್ಮ ಬಿಡಲಿಲ್ಲ. ಅವಳನ್ನು ಗದರಿಸಿ, ಪುಸಲಾಯಿಸಿ, ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಎಲ್ಲಿಗೂ ಹೋಗದ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಫಿಸಿಯೋ ಮೇಡಂ ಅಂತ ಒಬ್ಬ ನಗುಮುಖದ ಹುಡುಗಿ ಅಕ್ಕನನ್ನು ಒಂದರ ಮೇಲೆ ಹತ್ತಿಸಿದಳು. ಸ್ವಲ್ಪ ಹೊತ್ತು ತುಳಿದದ್ದೇ ತಡ, ಅಕ್ಕ ಕಾಲು ನಿಲ್ಲಿಸಿಬಿಟ್ಟಳು.

"ಹೊಡ್ಕೊಳ್ತಾ ಇದೆ ಮೇಡಂ!"

"ನೋವಿದೆಯಾ? ತಲೆ ಸುತ್ತುತ್ತಾ?"

"ಅದೇನೂ ಇಲ್ಲ. ಬರೀ ಹೊಡ್ಕೊಳ್ಳುತ್ತೆ."

"ಹೊಡ್ಕೊಳ್ಳದೆ ಇನ್ನೇನ್ಮಾಡುತ್ತೆ ಅಮ್ಮಾ? ನಿಮ್ಮ ಕಾಲು ಆಮ್ಲಜನಕ ಕೇಳ್ತಿದೆ. ಉಸಿರಾಟ ಜೋರಾಗಿ ಶ್ವಾಸಕೋಶ ಅದನ್ನ ಒಳಗೆ ಎಳ್ಕೊಳ್ಳುತ್ತೆ, ರಕ್ತ ಹೊತ್ಕೊಂಡು ಹೋಗುತ್ತೆ, ಹೃದಯ ಆ ರಕ್ತಾನ ತಳ್ಳುತ್ತೆ. ಪಿತ್ತಜನಕಾಂಗ ಕೂಡಿಟ್ಟ ಸಕ್ಕರೆ ಬಿಟ್ಟುಕೊಡುತ್ತೆ. ಮೈ ಬಿಸಿ ಏರಿದ್ರೆ ಚರ್ಮ ಬೆವರಿ ತಣ್ಣಗೆ ಮಾಡುತ್ತೆ. ಒಬ್ಬರು ಕೆಲಸಕ್ಕೆ ಎದ್ರೆ ಮನೆಮಂದಿಯೆಲ್ಲ ಏಳ್ತಾರೆ. ನೋವು ಬಂದ್ರೆ, ತಲೆ ಸುತ್ತಿದ್ರೆ ನಿಲ್ಲಿಸಿ. ಬರೀ ಡವಡವ ಅಂದ್ರೆ, ಅದು ತನ್ನ ಕೆಲಸ ಮಾಡ್ತಿದೆ ಅಂತ ಅರ್ಥ."

ಮಾತು ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ. ಆದರೂ ಅಕ್ಕ ಹೋಗುವುದು ಬಿಡಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಮನೆಯ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಿದ್ದಳು. ಕೂತಾಗ ನಾಡಿ ಮೊದಲಿಗಿಂತ ನಿಧಾನವಾಗಿದೆ ಅಂತ ಗಾಬರಿಯಾದರೆ, ಮೇಡಂ ಚಪ್ಪಾಳೆ ತಟ್ಟಿದಳು: "ಒಂದೊಂದು ಬಡಿತಕ್ಕೂ ಈಗ ಹೆಚ್ಚು ರಕ್ತ ತಳ್ಳುತ್ತೆ ಅಮ್ಮಾ, ಅದಕ್ಕೇ ಅವಸರ ಇಲ್ಲ." ಆದರೂ ಅಕ್ಕ ಜೋರಾಗಿ ನಡೆಯುತ್ತಿದ್ದುದು ಆ ಕೋಣೆಯೊಳಗೆ, ಮೇಡಂ ಕಣ್ಣೆದುರಿಗೆ ಮಾತ್ರ. ಬೀದಿಗೆ ಬಂದರೆ ಮತ್ತೆ ಎಣ್ಣೆ ಗಿಂಡಿ.

ಹೀಗಿರುವಾಗ ಒಂದು ಮಧ್ಯಾಹ್ನ ಟ್ರಂಪೆಟ್ ನುಡಿಸುವ ಹುಡುಗಿಯೊಬ್ಬಳು ಹೊಲಿಸಿದ ಕಪ್ಪು ಕೋಟು ತೆಗೆದುಕೊಳ್ಳಲು ಅಂಗಡಿಗೆ ಬಂದಳು. ಅವತ್ತು ಸಂಜೆ ದೊಡ್ಡ ಸಭಾಂಗಣದಲ್ಲಿ ಅವಳ ಮೊದಲ ಕಛೇರಿ. ಸಂಭ್ರಮದಲ್ಲಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ವಾದ್ಯದ ಪೆಟ್ಟಿಗೆಯನ್ನು ಮಗುವಿನ ಹಾಗೆ ಅವಚಿಕೊಂಡು, "ಬರ್ತೀನಿ ಅಕ್ಕಾ" ಅಂತ ಓಡಿಯೇಹೋದಳು. ಕೋಟು ಮೇಜಿನ ಮೇಲೆಯೇ ಇತ್ತು!

ಅಕ್ಕ ಬಾಗಿಲಿಗೆ ಬಂದು ನೋಡಿದಳು. ಹುಡುಗಿ ಏರುಬೀದಿಯ ತುದಿಯಲ್ಲಿ ಬಸ್ಸು ಹತ್ತುತ್ತಿದ್ದಾಳೆ. ಕೂಗಿದರೆ ಕೇಳಿಸುವಷ್ಟು ಹತ್ತಿರವಲ್ಲ. ಅಕ್ಕ ಕೋಟನ್ನು ಹೆಗಲ ಮೇಲೆ ಎಸೆದುಕೊಂಡಳು, ಓಡಿದಳು.

ಯೋಚಿಸಲಿಲ್ಲ. ಯೋಚಿಸಿದ್ದರೆ ಓಡುತ್ತಿರಲಿಲ್ಲ. ತರಕಾರಿ ಗಾಡಿಯವನು ಬಾಯಿಬಿಟ್ಟುಕೊಂಡು ನಿಂತ. ಬಸ್ಸು ಹೊರಟೇಬಿಟ್ಟಿತ್ತು. ಅಕ್ಕ ಕೋಟನ್ನು ಬಾವುಟದ ಹಾಗೆ ಬೀಸಿದಳು. ಕೀಚ್ ಅಂತ ಬ್ರೇಕು ಬಿತ್ತು, ಡ್ರೈವರ್ ಬಾಗಿಲು ತೆರೆದು ಕೆಳಗೆ ಹಾರಿದ. ನೋಡಿದರೆ ಅವಳ ತಮ್ಮನೇ!

"ಅಕ್ಕಾ! ಕನ್ನಡಿಯಲ್ಲಿ ನೋಡಿ ನನ್ನ ಜೀವ ಬಾಯಿಗೆ ಬಂತು! ಕೂತ್ಕೊ! ಯಾರಾದ್ರೂ ನೀರು ಕೊಡ್ರಪ್ಪಾ!" ಮುಖ ಬೆಳ್ಳಗಾಗಿ, ಬಸ್ಸನ್ನೇ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ.

ಅಕ್ಕ ಕಿಟಕಿಯಿಂದಲೇ ಹುಡುಗಿಗೆ ಕೋಟು ಕೊಟ್ಟಳು. ಆಮೇಲೆಯೇ ಅವಳಿಗೆ ತಾನು ಓಡಿಬಂದದ್ದು ಅರಿವಾದದ್ದು. ಎದೆ ಹೊಡೆದುಕೊಳ್ಳುತ್ತಿತ್ತು, ಕಿವಿಯಲ್ಲೂ ಅದೇ ಸದ್ದು. ಬೆನ್ನು ಬೆವತಿತ್ತು. ಹೆದರಿಕೆ ಈಗ ಬರುತ್ತೆ ಅಂತ ಕಾದಳು. ಮೇಡಂ ಹೇಳಿಕೊಟ್ಟಂತೆ ನಿಲ್ಲದೆ ನಿಧಾನವಾಗಿ ಅತ್ತಿಂದಿತ್ತ ನಡೆದಳು. ನೋವಿಲ್ಲ, ತಲೆಸುತ್ತಿಲ್ಲ. ಡವಡವ ತಾನಾಗಿಯೇ ತಗ್ಗಿತು, ಉಸಿರು ಹದಕ್ಕೆ ಬಂತು. ಬೆವರಿದ ಕುತ್ತಿಗೆಗೆ ತಣ್ಣನೆ ಗಾಳಿ ತಗುಲಿ ಹಾಯೆನ್ನಿಸಿತು. ಹೆದರಿಕೆಯ ಪತ್ತೆಯೇ ಇಲ್ಲ. ಬಂದದ್ದು ನಗು.

"ಅಯ್ಯೋ ತಮ್ಮಾ, ಓಡಿದ್ದು ನಾನು, ಏದುಸಿರು ನಿಂದು! ನೀರು ನೀನೇ ಕುಡಿ."

ಬಸ್ಸಿಗೆ ಬಸ್ಸೇ ನಕ್ಕಿತು. ಹುಡುಗಿ ಕಿಟಕಿಯಿಂದ ಟ್ರಂಪೆಟ್ ಹೊರಗೆ ಚಾಚಿ ಒಂದು ಉದ್ದನೆಯ ಸ್ವರ ಊದಿದಳು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಮರುದಿನ ಸುದ್ದಿ ಕೇಳಿದ ಫಿಸಿಯೋ ಮೇಡಂ ಮೊದಲು ಬೈದಳು: "ಮೈ ಬಿಸಿ ಮಾಡ್ಕೊಳ್ಳದೆ ಹಾಗೆಲ್ಲ ನುಗ್ಗಬಾರದು ಅಮ್ಮಾ." ಆಮೇಲೆ ಡಾಕ್ಟರನ್ನು ಕೇಳಿ, ಪರೀಕ್ಷೆ ಮಾಡಿಸಿ, ಉದ್ಯಾನದಲ್ಲಿ ಮೆಲ್ಲಗೆ ಓಡಲು ಒಪ್ಪಿಗೆ ಕೊಟ್ಟಳು. "ಓಡ್ತಾ ಮಾತಾಡೋಕಾಗಬೇಕು, ಅಷ್ಟೇ ವೇಗ."

"ಮಾತಾಡೋದಾ?" ಅಕ್ಕ ಕಣ್ಣರಳಿಸಿದಳು. "ಇದನ್ನ ಮೊದಲೇ ಹೇಳ್ಬಾರದಿತ್ತಾ!"

ಈಗ ಬೆಳಗಾದರೆ ಅಕ್ಕ ತಮ್ಮ ಇಬ್ಬರೂ ಉದ್ಯಾನದಲ್ಲಿರುತ್ತಾರೆ. ಸ್ಟಿಯರಿಂಗಿನ ಹಿಂದೆ ಕೂತೂ ಕೂತೂ ಬೆಳೆದ ಹೊಟ್ಟೆಯನ್ನು ಹೊತ್ತುಕೊಂಡು ತಮ್ಮ ಹಿಂದೆ ಬರುತ್ತಾನೆ. ಮುಂದೆ ಅಕ್ಕ, ಬೀದಿಯ ಸುದ್ದಿಯನ್ನೆಲ್ಲ ಒಂದೇ ಸಮನೆ ಹೇಳುತ್ತಾ ಓಡುತ್ತಾಳೆ. ಅವನು ಹೂಂಗುಟ್ಟುವುದು ನಿಂತರೆ, ಅವಳು ತಿರುಗಿ ನೋಡಿ ವೇಗ ತಗ್ಗಿಸುತ್ತಾಳೆ.