ಗೌಡ ಕೊಟ್ಟ ತಂಬಾಕು

"ಬಾಯಿ ತಗೀಲೇ. ಇನ್ನಷ್ಟ ತಗಿ. ಹೊಲದಾಗ ಎಮ್ಮಿ ಒದರಿದಂಗ ಒದರತಿ, ಈಗ ಏನ ಬ್ಯಾನಿ?"

ಬೈದವನು ಡಾಕ್ಟರನಲ್ಲ, ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ ಹುಚ್ಚೀರಪ್ಪಗೌಡ. ಕ್ಯಾನ್ಸರ್ ಸರ್ವೆಗೆಂದು ಗದಗದಿಂದ ಬಂದಿದ್ದ ಡಾಕ್ಟರ್ ಹೊನ್ನೇಶ ಸಾಹೇಬ ಭಾಗ್ಯಾಳ ಬಾಯಿಗೆ ಬ್ಯಾಟರಿ ಬಿಟ್ಟು, ಬೆರಳು ಜೋಡಿಸಿ ಒಳಗೆ ಹಾಕೆಂದ. ಮೂರು ಹೋಗಬೇಕಿತ್ತು. ಒಂದೇ ಹೋಯಿತು. ಕೆನ್ನೆಯ ಒಳಮೈಯಲ್ಲಿ ಮೂರು ತಿಂಗಳಿಂದ ಮಾಯದ ಹುಣ್ಣು. ಹುಡುಗಿಗೆ ಇಪ್ಪತ್ತನಾಲ್ಕು.

ಗೋಡೆಗೆ ಆತು ನಿಂತಿದ್ದ ಅವಳ ತಾಯಿ ಕಳಕವ್ವ ಗೌಡನನ್ನೇ ನೋಡುತ್ತಿದ್ದಳು. ಓಟು ಕೇಳುವಾಗ ಬಿಟ್ಟರೆ ಈ ಕೇರಿಗೆ ಕಾಲಿಡದವನು ಇಂದು ಮನೆಯಿಂದ ಕುರ್ಚಿ ಹೊರಿಸಿಕೊಂಡು ಬಂದು ಅಂಗನವಾಡಿಯಲ್ಲಿ ಸಾಹೇಬನ ಪಕ್ಕದಲ್ಲೇ ಕುಳಿತಿದ್ದಾನೆ. ಸಾಹೇಬನಿಗೆ ಉಪ್ಪಿಟ್ಟು, ಚಹಾ ಅವನ ಮನೆಯದು. ಮೇಲಾಗಿ ಅವಳನ್ನು "ಬಾ ಯಕ್ಕಾ" ಎಂದು ಕರೆದಿದ್ದ! ಇಪ್ಪತ್ತು ವರ್ಷ ಅವನ ಮೆಣಸಿನಕಾಯಿ ಹೊಲದಲ್ಲಿ ಔಷಧ ಹೊಡೆದವಳಿಗೆ ಆ ಬಾಯಿಂದ ಬಂದದ್ದು "ಏ ಬೋಳಿ" ಒಂದೇ. ಇದರೊಳಗೆ ಏನೋ ಇದೆ. ಈ ಒಂದೇ ಕೇರಿಯಲ್ಲಿ ಕ್ಯಾನ್ಸರಿಗೆ ಮೂರು ವರ್ಷಕ್ಕೆ ಆರು ಹೆಣ ಬಿದ್ದ ಸುದ್ದಿ ಹೋದ ತಿಂಗಳು ಪೇಪರಿನಲ್ಲಿ ಬಂದಿತ್ತು. ಮುಂಡರಗಿಯಲ್ಲಿ ಬೆಳೆಗೆ ಹೊಡೆಯುವ ಔಷಧದ ಅಂಗಡಿ ಇಟ್ಟವನೂ ಗೌಡನೇ.

"ತಂಬಾಕ ತಿಂತಾಳೇನು?" ಸಾಹೇಬ ಕೇಳಿದ.

"ಹೂಂ ಅಂತ ಬರ್ಕೋರಿ," ಎಂದ ಗೌಡ. "ಈ ಮಂದಿ ಮಲಿ ಬಿಟ್ಟ ತಂಬಾಕ ಹಿಡೀತಾವ. ಎಲ್ಲಾರ ಫಾರ್ಮಿನ್ಯಾಗೂ ಹಂಗಽ ಬರದಬಿಡ್ರಿ, ಜಲ್ದಿ ಮುಗೀತೈತಿ."

ಸಾಹೇಬ ಬರೆದು, ಬರೆದದ್ದನ್ನು ಓದಿದ. ತಂಬಾಕು, ಹೌದು. ಸ್ವಂತ ಚಟ.

ಕಳಕವ್ವನ ಜೊತೆ ವರ್ಷಾನುಗಟ್ಟಲೆ ಔಷಧದ ಪಂಪು ಹೊತ್ತ ದಿಲಶಾದಬಿ ಹಿಂದಿನಿಂದ ನಕ್ಕಳು. "ಸಾಹೇಬ್ರ, ಒಂದ ಮಾತ ಕೇಳ್ತೀನಿ. ಇವರ ಮನಿ ಗೌಡಶಾನಿಗೂ ಎದಿಯಾಗ ಗಂಟ ಎದ್ದಿತ್ತು. ಐದ ವರ್ಷ ಆತು, ಕಲ್ಲಗುಂಡಿನಂಗ ಅದಾರ. ನಮ್ಮ ಓಣಿ ಬೀರವ್ವಗ ಅದಽ ಗಂಟು. ಐದ ತಿಂಗಳದಾಗ ಮಣ್ಣ ಕೊಟ್ಟ ಬಂದ್ವಿ. ಈ ಬ್ಯಾನಿನೂ ಓಣಿ ನೋಡಿ ಬರ್ತೈತೇನ್ರಿ?"

"ಅವ್ರು ಜಲ್ದಿ ತೋರ್ಸಿದ್ರು, ಉಳಕೊಂಡ್ರು. ನೀವು ತಡಾ ಮಾಡ್ತೀರಿ," ಎಂದ ಸಾಹೇಬ.

"ಒಂದ ದಿನ ದವಾಖಾನಿಗೆ ಹೋದ್ರ ಮರದಿನ ಹೊಲಕ್ಕ ಕರಿಯಂಗಿಲ್ರಿ. ತಡಾ ಯಾರ ಮಾಡ್ತಾರ?"

"ನಿಮ್ಮೌನ, ಸುಮ್ಕ ಕುಂಡ್ರಲೇ!" ಗೌಡ ಗುಡುಗಿದ. ಮರುಗಳಿಗೆ ದನಿ ಬೆಣ್ಣೆಯಾಯಿತು. ಮಸಿಪ್ಯಾಡನ್ನು ಕಳಕವ್ವನತ್ತ ಸರಿಸಿದ. "ಯಕ್ಕಾ, ಈ ಫಾರ್ಮಿಗೆ ಮಗಳ ಹೆಬ್ಬಟ್ಟ ಒತ್ತಸು. ಹುಬ್ಬಳ್ಳಿ ದವಾಖಾನಿಗೆ ಚೀಟಿ ಬರದ ಇಟ್ಟಾರ ನೋಡು, ಪುಕಟ ಆಪರೇಶನ್ನು. ನನ್ನ ಗಾಡ್ಯಾಗ ಕಳಸ್ತೇನಿ."

ಚೀಟಿ ಸಾಹೇಬನ ಅಂಗೈ ಕೆಳಗಿತ್ತು. ಸಹಿಯೊಂದೇ ಬಾಕಿ. ಕಳಕವ್ವ ಒಂದು ಹೆಜ್ಜೆ ಮುಂದಿಟ್ಟು ನಿಂತಳು.

"ಔಷಧ ಹೊಡದದ್ದ ಎಲ್ಲಿ ಬರದೀರಿ?"

"ಅದಕ್ಕ ಇದರಾಗ ಜಾಗಾ ಇಲ್ಲವ್ವ."

ಹನ್ನೆರಡು ವರ್ಷದ ಭಾಗ್ಯಾಳನ್ನು ಶಾಲೆ ಬಿಡಿಸಿ ಹೊಲಕ್ಕೆ ತಂದ ಮೊದಲ ದಿನ ಕಳಕವ್ವನ ಕಣ್ಣಿಗೆ ಕಟ್ಟಿತು. ಔಷಧದ ವಾಸನೆಗೆ ಕೂಸು ಮೂರು ಸಲ ಕಾರಿಕೊಂಡಿತ್ತು. ಪಂಪಿನ ಜೊತೆ ದಿನಾ ಮುಂಜಾನೆ ಒಬ್ಬೊಬ್ಬಳಿಗೂ ಚಿಟಿಕೆ ತಂಬಾಕು ಹಂಚುತ್ತಿದ್ದ ಗೌಡ ಬದುವಿನ ಮೇಲಿಂದ ಕೂಗಿದ್ದ: "ಅದಕ್ಕೂ ಒಂದೀಟ ಇಡ, ವಾಸನಿ ಹತ್ತಂಗಿಲ್ಲ." ಕಳಕವ್ವ ಸುಣ್ಣ ಹಚ್ಚಿ, ತಿಕ್ಕಿ, ಮೆತ್ತಗೆ ಮಾಡಿ ಮಗಳ ದವಡೆಗೆ ಇಟ್ಟಿದ್ದಳು. ಸಂಜೆ ಹೊತ್ತಿಗೆ ವಾಂತಿ ನಿಂತಾಗ ಅವಳಿಗೆ ಎಷ್ಟು ಸಮಾಧಾನವಾಗಿತ್ತು!

"ಮೊದಲನೇ ಚಿಟಿಕಿ ನಾನಽ ಇಟ್ಟೇನಿ," ಎಂದಳು. "ಇದಽ ಕೈಲೆ. ಬರೀರಿ ಅದನ್ನ. ಕೊಟ್ಟಾವ ಇಲ್ಲೇ ಕುಂತಾನ, ಅವನ ಹೆಸರೂ ಬರೀರಿ."

ಗೌಡ ಎದ್ದು ನಿಂತ. "ಹಲ್ಕಟ್ ಮಂದಿ! ಉಪಕಾರ ಮಾಡಾಕ ಬಂದ್ರ ಮೈಮ್ಯಾಲ ಬರ್ತೀರಿ? ಚೀಟಿ ಬೇಕೋ ಬ್ಯಾಡೋ, ಅಷ್ಟ ಹೇಳಲೇ ಬೋಳಿ."

"ಗೌಡ್ರು ಹೇಳಿದಂಗ ಕೇಳವ್ವ," ಎಂದ ಸಾಹೇಬ, ತಲೆ ಎತ್ತದೆ. "ಹುಡುಗಿ ಜೀವದ ಪ್ರಶ್ನೆ ಐತಿ."

ಬೇಕು. ಬೇಕೇ ಬೇಕು. ಕಳಕವ್ವ ಮಗಳತ್ತ ತಿರುಗಿದಳು.

ಭಾಗ್ಯಾ ಮಸಿಪ್ಯಾಡನ್ನು ಅತ್ತ ಸರಿಸಿದಳು. ಸಾಹೇಬನ ಬೆರಳ ಸಂದಿಯಿಂದ ಪೆನ್ನು ಎಳೆದುಕೊಂಡು 'ಸ್ವಂತ ಚಟ'ದ ಮೇಲೆ ಅಡ್ಡಗೆರೆ ಹೊಡೆದಳು. ಆರನೇ ಇಯತ್ತೆಗೆ ಶಾಲೆ ಬಿಟ್ಟವಳ ದುಂಡನೆಯ ಅಕ್ಷರದಲ್ಲಿ ಬರೆದಳು: ಹುಚ್ಚೀರಪ್ಪಗೌಡರ ಹೊಲ. ಆಗ ನನಗೆ ಹನ್ನೆರಡು ವರ್ಷ. ಔಷಧ ಹೊಡೆಯಲು ಹಚ್ಚಿ ತಂಬಾಕು ಕೊಟ್ಟರು. ಕೆಳಗೆ ತನ್ನ ಹೆಸರು.

ಗೌಡ ಕಾಗದಕ್ಕೆ ಕೈ ಹಾಕುವಷ್ಟರಲ್ಲಿ ದಿಲಶಾದಬಿ ಅವನು ಬಿಟ್ಟೆದ್ದ ಕುರ್ಚಿಯ ಮೇಲೆ ಕುಳಿತು, ಕಾಗದದ ಮೇಲೆ ಮೊಣಕೈ ಊರಿದ್ದಳು.

"ಈಗ ನಂದ ಬರಿ, ಭಾಗ್ಯಾ. ನಂಗ ಅಕ್ಷರ ಬರೂದಿಲ್ಲ. ಹದಿನೇಳ ವರ್ಷ ಪಂಪ ಹೊತ್ತೇನಿ ಅಂತ ಹಾಕು."

ಸರದಿಗಾಗಿ ಗೋಡೆಗುಂಟ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಸರಿದರು. ಸಾಹೇಬ ಗೌಡನ ಮುಖ ನೋಡುತ್ತಿದ್ದ. ಹುಬ್ಬಳ್ಳಿಯ ಚೀಟಿ ಅವನ ಅಂಗೈಯ ಬೆವರಿಗೆ ಅಂಟಿಕೊಂಡಿತ್ತು. ಸಹಿಯ ಜಾಗ ಇನ್ನೂ ಬೆಳ್ಳಗಿತ್ತು. ಕಳಕವ್ವ ಅದರ ಮೇಲಿಂದ ಕಣ್ಣು ಕೀಳಲಿಲ್ಲ.