ಹಿಂದೆ ನಿಂತವರು

ಯಾರಾದರೂ ಏನಾದರೂ ಹೇಳಿದರೆ ನಾನು ಸುಮ್ಮನೆ ನಂಬುವವಳಲ್ಲ. ಇದು ನನ್ನ ತಪ್ಪೂ ಅಲ್ಲ, ಅಪ್ಪನಿಂದ ಬಂದದ್ದು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಕೆಲಸದಿಂದ ಬಂದವರೇ ಚಪ್ಪಲಿ ಬಿಡುವುದಕ್ಕೂ ಮೊದಲು ಟಿವಿಯ ಬೆನ್ನು ಮುಟ್ಟಿ ನೋಡುತ್ತಿದ್ದರು, ಬಿಸಿ ಇದೆಯಾ ಅಂತ. ಅಂಥವರ ಮಗಳು ಬಟ್ಟೆ ಫ್ಯಾಕ್ಟರಿಯ ಚೆಕಿಂಗ್ ವಿಭಾಗಕ್ಕೇ ಸೇರಿದ್ದರಲ್ಲಿ ಆಶ್ಚರ್ಯವೇನಿದೆ? ಹದಿನಾರು ವರ್ಷದಿಂದ ದಿನಕ್ಕೆ ನಾನೂರು, ಐನೂರು ಅಂಗಿಗಳ ಹೊಲಿಗೆ ನೋಡುತ್ತಿದ್ದೇನೆ. ಎಲ್ಲಾದರೂ ಒಂದು ನೂಲು ಬಿಟ್ಟಿದ್ದರೆ ನನ್ನ ಕಣ್ಣಿಗೆ ಮೊದಲು ಬೀಳುವುದು ಅದೇ, ಅಂಗಿ ಆಮೇಲೆ. ಹೊಲಿಯುವ ಹೆಂಗಸರು ನನ್ನ ಬೆನ್ನ ಹಿಂದೆ ಸಿಐಡಿ ಅನ್ನುತ್ತಾರಂತೆ. ಅನ್ನಲಿ ಬಿಡಿ.

ಈ ಕಣ್ಣಿಗೆ ಸಿಕ್ಕಿಬೀಳದೆ ಇಷ್ಟು ವರ್ಷ ತಪ್ಪಿಸಿಕೊಂಡವಳು ಒಬ್ಬಳೇ, ನಮ್ಮ ಚಿಕ್ಕಮ್ಮ.

ಚಿಕ್ಕಮ್ಮ ಅಂದರೆ ಅಮ್ಮನ ಸ್ವಂತ ತಂಗಿ. ನನಗೆ ಮೂರು ವರ್ಷವಾದಾಗ ಅಮ್ಮ ತೀರಿಕೊಂಡಳು. ಆವಾಗ ಒಂದು ಟ್ರಂಕು ಹಿಡಿದು ಬಂದ ಚಿಕ್ಕಮ್ಮ ಮತ್ತೆ ವಾಪಸು ಹೋಗಲೇ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿಕೊಂಡು ನನ್ನನ್ನು ಸಾಕಿದಳು. ಇಡೀ ದಿನ ಹೆಡ್‌ಫೋನು ಹಾಕಿಕೊಂಡು ಬೇರೆಯವರ ಮಾತು ಜೋಡಿಸಿ ಬಂದು, ಮನೆಗೆ ಬಂದ ಮೇಲೆ ತನ್ನ ಮಾತು ಶುರುಮಾಡುತ್ತಿದ್ದಳು. ಆ ಮಾತಿನಲ್ಲಿ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದದ್ದು ಅವಳ ಸಿನಿಮಾ.

ಅವಳು ಕಾಲೇಜು ಹುಡುಗಿಯಾಗಿದ್ದಾಗ ಅವರ ಊರಿನ ಬಸ್ ನಿಲ್ದಾಣದಲ್ಲಿ ಒಂದು ದಿನ ಶೂಟಿಂಗ್ ನಡೆದಿತ್ತು. ಜನಜಂಗುಳಿಯ ದೃಶ್ಯಕ್ಕೆ ಊರವರನ್ನೇ ನಿಲ್ಲಿಸಿದ್ದರು. ಅವರಲ್ಲಿ ತಾನೂ ಒಬ್ಬಳು ಅನ್ನುತ್ತಾಳೆ ಚಿಕ್ಕಮ್ಮ. ಯಾರೋ ನೋಡಿದವರು ನಿಮ್ಮ ಹುಡುಗಿ ಸಿನಿಮಾದವರ ಜೊತೆ ನಿಂತಿದ್ದಳು ಅಂತ ತಾತನ ಕಿವಿಗೆ ಹಾಕಿದರು. ತಾತ ಸಿಟ್ಟಿನಲ್ಲಿ ಅವಳ ಕಾಲೇಜು ಬಿಡಿಸಿದರು. ಇದಿಷ್ಟೂ ಅವಳೇ ಹೇಳುವ ಕಥೆ. ಡಿವಿಡಿ ಬಂದ ಹೊಸದರಲ್ಲಿ ಎಲ್ಲಿಂದಲೋ ಆ ಸಿನಿಮಾ ಹುಡುಕಿ ತಂದಳು. ಆ ಜಾಗ ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಮುಂದಕ್ಕೆ ಬಾಗಿ, "ಇಗೋ ಬಂದೆ" ಅನ್ನುತ್ತಿದ್ದಳು. ನಮಗೆ ಕಾಣುತ್ತಿದ್ದದ್ದು ಮೂಟೆಗಳ ಹಿಂದೆ ಒಂದು ಹಳದಿ ಕಲೆ, ಅದರ ಮೇಲೊಂದು ಗೋಧಿ ಬಣ್ಣದ ಕಲೆ. ನಿಲ್ಲಿಸಿ ನೋಡಿದರೆ ಬರೀ ಚೌಕ ಚೌಕ. ನಾನೇನೋ ಚಿಕ್ಕವಳಿದ್ದಾಗ ಅವಳ ಮಾತು ನಂಬಿ, ನಮ್ಮ ಚಿಕ್ಕಮ್ಮ ಸಿನಿಮಾದಲ್ಲಿದ್ದಾಳೆ ಅಂತ ಶಾಲೆಯಲ್ಲಿ ಜಂಬ ಕೊಚ್ಚಿ ನಗೆಪಾಟಲಾಗಿದ್ದೆ. ಆ ಉರಿ ಇನ್ನೂ ಆರಿಲ್ಲ.

ಅನುಮಾನಕ್ಕೆ ಬೀಜ ಹಾಕಿದ್ದು ಅಪ್ಪ. ನನಗೆ ಹದಿನಾರಾದಾಗ ಒಂದು ದಿನ ಪೇಪರು ಮಡಿಸಿಟ್ಟು, ಚಿಕ್ಕಮ್ಮ ಡ್ಯೂಟಿಗೆ ಹೋಗಿದ್ದಾಳೆ ಅಂತ ಖಾತ್ರಿ ಮಾಡಿಕೊಂಡು ಹೇಳಿದರು: ಶೂಟಿಂಗ್ ನಡೆದದ್ದು ಒಂದೇ ದಿನ, ಆ ದಿನ ಅಪ್ಪ ನಮ್ಮಮ್ಮನ ತವರಿಗೆ ಹೋಗಿದ್ದರು, ಬಾಗಿಲು ತೆಗೆದವಳು ಇದೇ ಚಿಕ್ಕಮ್ಮ. ಮನೆಯ ಬಾಗಿಲಲ್ಲಿದ್ದವಳು ಬಸ್ ನಿಲ್ದಾಣದಲ್ಲಿ ಹೇಗಿರುತ್ತಾಳೆ? ಹಾಗಾದರೆ ಅವಳನ್ನೇ ಕೇಳಬಾರದಾ ಅಂದೆ. ಸಾಕ್ಷಿ ಇಲ್ಲದೆ ಮಾತಾಡಬಾರದು ಅಂದುಬಿಟ್ಟರು. ಅಲ್ಲಿಂದ ಈಚೆಗೆ ಅವಳು "ಇಗೋ ಬಂದೆ" ಅಂದಾಗಲೆಲ್ಲ ಅಪ್ಪ ನನ್ನ ಮುಖ ನೋಡುತ್ತಿದ್ದರು, ನಾನು ಅಪ್ಪನ ಮುಖ ನೋಡುತ್ತಿದ್ದೆ.

ಹೀಗಿರುವಾಗ ಹೋದ ವರ್ಷ ನಮ್ಮ ಬೀದಿಯ ತುದಿಯ ಡಿಸ್ಕಿನ ಅಂಗಡಿಯಲ್ಲಿ ಹೊಸ ಬೋರ್ಡು ಬಿತ್ತು. ಹಳೆಯ ಚಿತ್ರಗಳು, ಹೊಸದಾಗಿ ಶುಚಿ ಮಾಡಿದ ಹೈ ಡೆಫಿನಿಷನ್ ಡಿಸ್ಕಿನಲ್ಲಿ. ಕೆಳಗಿನ ಪಟ್ಟಿಯಲ್ಲಿ ಆ ಸಿನಿಮಾದ ಹೆಸರೂ ಇತ್ತು. ಸಂಜೆ ಮನೆಯಲ್ಲಿ ಈ ಸುದ್ದಿ ಹೇಳಿದೆ. ಚಿಕ್ಕಮ್ಮ ತಲೆ ಎತ್ತದೆ, ಎರಡೂ ಒಂದೇ, ಸುಮ್ಮನೆ ಜನರಿಗೆ ಟೋಪಿ ಹಾಕುತ್ತಾರೆ, ಇರುವ ಡಿವಿಡಿಗೇನು ಬಂದಿದೆ ರೋಗ ಅಂದಳು.

ನನ್ನ ಕಿವಿ ನೆಟ್ಟಗಾಯಿತು. ಜಾಹೀರಾತಿನಲ್ಲಿ ಬಂದದ್ದನ್ನೆಲ್ಲ ನಂಬುವವಳು ಇವಳು. ಕೂದಲು ಮೊಣಕಾಲಿಗೆ ಬರಿಸುವ ಎಣ್ಣೆ, ತಾನಾಗಿ ತಿರುಗುವ ಸೌಟು, ಬೆನ್ನುನೋವಿಗೆ ಕಾಂತದ ಪಟ್ಟಿ, ಒಂದನ್ನೂ ಬಿಟ್ಟವಳಲ್ಲ. ಇದೊಂದು ಮಾತ್ರ ಮೋಸವಾ?

ಮಾರನೆಯ ದಿನ ಅಂಗಡಿಗೆ ಹೋದೆ. ಹಾಗಂತ ಅಂಗಡಿಯವನನ್ನು ನಂಬಿದೆ ಅಂದುಕೊಳ್ಳಬೇಡಿ. ಅವನು ಎರಡು ಟಿವಿ ಪಕ್ಕಪಕ್ಕ ಇಟ್ಟಿದ್ದ. ಎಡಗಡೆ ಬೇರೆ ಯಾವುದೋ ಸಿನಿಮಾದ ಡಿವಿಡಿ, ಬಲಗಡೆ ಅದರದೇ ಹೊಸ ಡಿಸ್ಕು. ಎಡದ್ದು ಹೊಗೆ ಹಿಡಿದ ಗಾಜಿನ ಹಾಗೆ, ಬಲದ್ದು ಥಳಥಳ. ನೋಡಿದವರೆಲ್ಲ ಅಬ್ಬಾ ಅನ್ನುತ್ತಿದ್ದರು. ನಾನು ಟಿವಿಗಳ ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ. ಡಿವಿಡಿಗೆ ಹಳದಿ ಪಿನ್ನಿನ ಹಳೇ ವೈರು, ಹೊಸದಕ್ಕೆ ಅಗಲ ಬಾಯಿಯ ಹೊಸ ವೈರು! ಎರಡಕ್ಕೂ ಒಂದೇ ಥರದ ವೈರು ಹಾಕಿ ತೋರಿಸಿ ಅಂತ ಪಟ್ಟು ಹಿಡಿದೆ. ಅವನು ಹಲ್ಲು ಕಿರಿದು, ತಲೆ ಕೆರೆದುಕೊಂಡು, ಕೊನೆಗೆ ಹಾಕಿದ. ಡಿವಿಡಿಯ ಮುಖಕ್ಕೆ ಕಳೆ ಬಂತು. ನಾಯಕನ ಮೂಗು ಇಲ್ಲೂ ಅದೇ, ಅಲ್ಲೂ ಅದೇ. ಆರು ಹೆಜ್ಜೆ ಹಿಂದೆ ನಿಂತರೆ ಯಾವುದು ಯಾವುದು ಅಂತ ಕೇಳಬೇಕಾದ ಪರಿಸ್ಥಿತಿ. ಗೆದ್ದೆ ಅನ್ನಿಸಿತು, ಜೊತೆಗೆ ಸ್ವಲ್ಪ ಬೇಜಾರೂ ಆಯಿತು.

ಅವನೂ ಕಸುಬು ಬಲ್ಲವನೇ. ಕುರ್ಚಿ ಎಳೆದು ಟಿವಿಯ ಹತ್ತಿರ ಹಾಕಿ ನನ್ನನ್ನು ಕೂರಿಸಿದ.

"ಮೇಡಂ, ಹತ್ತಿರದ ಮುಖ ನೋಡ್ಬೇಡಿ," ಅಂದ. "ಅದು ಎರಡರಲ್ಲೂ ಚೆನ್ನಾಗೇ ಇರುತ್ತೆ. ಹಿಂದೆ ನಿಂತವರನ್ನ ನೋಡಿ."

ನೋಡಿದೆ. ಡಿವಿಡಿಯಲ್ಲಿ ನಾಯಕನ ಹೆಗಲಾಚೆ ಇದ್ದದ್ದು ಬಣ್ಣದ ಗಂಜಿ. ಹೊಸದರಲ್ಲಿ ಅದೇ ಗಂಜಿ ಒಡೆದು ಒಬ್ಬೊಬ್ಬ ಮನುಷ್ಯನಾಗಿತ್ತು. ಒಬ್ಬ ಉಗುರು ಕಚ್ಚುತ್ತಿದ್ದ, ಒಬ್ಬನ ಅಂಗಿಗೆ ಎರಡನೇ ಗುಂಡಿ ಇರಲಿಲ್ಲ. ಹಳೇ ಸಿನಿಮಾದ ರೀಲಿನಲ್ಲಿ ಇದೆಲ್ಲ ಮೊದಲಿಂದಲೂ ಇತ್ತಂತೆ. ಡಿವಿಡಿಗೆ ಇಳಿಸುವಾಗ ಸಣ್ಣದೆಲ್ಲ ಸೋರಿಹೋಗಿ, ಈಗ ಮತ್ತೆ ಮೂಲ ರೀಲಿನಿಂದಲೇ ಇಳಿಸಿದ್ದಾರಂತೆ. ಈ ಅಂತೆಕಂತೆ ನನಗೆ ಬೇಡ. ಆ ಇಲ್ಲದ ಗುಂಡಿಯೇ ಸಾಕಾಗಿತ್ತು. ಪ್ಲೇಯರನ್ನೂ ಆ ಸಿನಿಮಾದ ಡಿಸ್ಕನ್ನೂ ಎತ್ತಿಕೊಂಡು ಬಂದೆ.

ಭಾನುವಾರ ಮಧ್ಯಾಹ್ನ ಹಾಕುವುದು ಅಂತ ತೀರ್ಮಾನವಾಯಿತು. ಅಪ್ಪನಿಗೆ ಹುರುಪೋ ಹುರುಪು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಇರುವೆಯ ಮೀಸೆಯೂ ಕಾಣುತ್ತದೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುವವರು ಅವರು. ಚಿಕ್ಕಮ್ಮ ಶುಕ್ರವಾರ ತಲೆನೋವು ಅಂದಳು. ಶನಿವಾರ ರಿಮೋಟು ಕಾಣೆಯಾಯಿತು. ಅದು ಅವಳ ನೂಲಿನ ಬುಟ್ಟಿಯಲ್ಲಿ ಸಿಕ್ಕಿತು. ಹೇಗೆ ಬಂತೋ ಗೊತ್ತಿಲ್ಲ ಅಂದಳು. ಭಾನುವಾರ ಬೆಳಗ್ಗೆ ಡಿಸ್ಕಿನ ಡಬ್ಬಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದಳು. ಮುರಿಯುತ್ತಾಳೋ ಏನೋ ಅಂತ ನಾನು ಓಡಿಹೋಗಿ ಕಿತ್ತುಕೊಂಡೆ. ಸಿಕ್ಕಿಬಿದ್ದ ಕಳ್ಳನ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ನನ್ನ ಹೊಟ್ಟೆ ಮಾತ್ರ ಯಾಕೋ ತಣ್ಣಗಾಗಲಿಲ್ಲ.

ಊಟವಾದ ಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಓರೆ ಮಾಡಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು.

"ನೀನು ಆ ಸಿನಿಮಾದಲ್ಲಿ ಇಲ್ಲ, ಅಲ್ವಾ?"

ನಲ್ಲಿ ನಿಲ್ಲಿಸಿದಳು. ಜಗಳ ಆಡುತ್ತಾಳೆ, ಅಳುತ್ತಾಳೆ, ಕಾಲೇಜು ಬಿಟ್ಟ ಕಥೆ ಮತ್ತೆ ಶುರುಮಾಡುತ್ತಾಳೆ ಅಂತ ನಾನು ಸೊಂಟ ಕಟ್ಟಿ ನಿಂತಿದ್ದೆ.

"ಇಲ್ಲ," ಅಂದಳು. "ಇಷ್ಟು ವರ್ಷ ಸುಳ್ಳು ಹೇಳ್ದೆ. ಈಗಲೇ ಹೋಗಿ ಭಾವನ ಹತ್ರಾನೂ ಒಪ್ಕೋತೀನಿ. ಬೇಕಾದ್ರೆ ಇಬ್ರೂ ಸೇರಿ ನಗಿ. ಆ ಡಿಸ್ಕ್ ಮಾತ್ರ ಹಾಕ್ಬೇಡ ಮರಿ."

ಇಷ್ಟು ವರ್ಷ ನಾನು ಕಾದಿದ್ದ ಮಾತು ಅಷ್ಟು ಸಲೀಸಾಗಿ ಬಂದುಬಿಟ್ಟಿತ್ತು, ಖುಷಿಯ ಬದಲು ನನಗೆ ಇನ್ನಷ್ಟು ಅನುಮಾನ ಬಂತು. ಫ್ಯಾಕ್ಟರಿಯಲ್ಲಿ ಯಾರಾದರೂ ಹೊಲಿಗೆ ತಪ್ಪಿದ್ದನ್ನು ಕೇಳಿದ ಕೂಡಲೇ ಒಪ್ಪಿಕೊಂಡರೆ ನಾನು ಅಂಗಿ ತಿರುಗಿಸಿ ನೋಡುತ್ತೇನೆ. ಹಿಂದೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು ಇದ್ದೇ ಇರುತ್ತದೆ. ಸುಳ್ಳುಗಾರ್ತಿ ಅನ್ನಿಸಿಕೊಳ್ಳುವುದಕ್ಕೂ ಹೆದರದವಳು ನಾಲ್ಕು ಸೆಕೆಂಡಿನ ಚಿತ್ರಕ್ಕೆ ಯಾಕೆ ಹೆದರಬೇಕು? ನಾನು ಹೊರಗೆ ಬಂದು ಡಿಸ್ಕು ಹಾಕಿದೆ.

ಅವಳೂ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಸೋಫಾದ ಅಂಚಿನಲ್ಲಿ ಕೂತಳು. ಅಪ್ಪ ತಮ್ಮ ಕುರ್ಚಿಯಲ್ಲಿ. ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೇ ಅಪ್ಪ ನಾಯಕನ ಹಣೆಯ ಮೇಲಿನ ವಿಗ್ಗಿನ ಅಂಚು ಕಂಡುಹಿಡಿದರು. ನಲವತ್ತು ವರ್ಷ ಇವನ ಕೂದಲು ನೋಡಿ ಹೊಟ್ಟೆ ಉರಿಸಿಕೊಂಡಿದ್ದೆನಲ್ಲ ಅಂತ ನಕ್ಕರು. ಬಾಗಿಲಿನ ಬಣ್ಣ ಇನ್ನೂ ಹಸಿಯಾಗಿದ್ದದ್ದು, ಖಳನ ಚಾಕು ರಟ್ಟಿನದು ಅನ್ನುವುದು, ಒಂದೊಂದನ್ನೂ ಹಿಡಿದು ಹಾಕಿದರು. ಬೇರೆ ದಿನವಾಗಿದ್ದರೆ ನಾನೂ ಸೇರಿಕೊಳ್ಳುತ್ತಿದ್ದೆ.

ಬಸ್ ನಿಲ್ದಾಣ ಬಂತು. ಅಪ್ಪ ಗಂಟಲು ಸರಿಮಾಡಿಕೊಂಡರು. ಅವರ ಸಾಕ್ಷಿ ಹೊರಬರುವ ಹೊತ್ತಾಗಿತ್ತು.

"ಇದು ನಡೆದ ದಿನ ನಿಮ್ಮಮ್ಮಂಗೆ ಜ್ವರ," ಅಂದರು, ನನಗೆ ಹೇಳುವ ಹಾಗೆ, ಚಿಕ್ಕಮ್ಮನಿಗೆ ಕೇಳುವ ಹಾಗೆ. "ಮದುವೆ ಗೊತ್ತಾಗಿತ್ತು. ನೋಡ್ಕೊಂಡು ಬರೋಣ ಅಂತ ಹೋದ್ರೆ, ಅಕ್ಕ ಮಲಗಿದಾಳೆ, ಎಬ್ಬಿಸಬಾರದು ಅಂತ ಯಾರೋ ಬಾಗಿಲಿಂದಲೇ ಕಳಿಸಿಬಿಟ್ರು."

ಪರದೆಯ ಮೇಲೆ ನಾಯಕ ಓಡುತ್ತಿದ್ದ. ಅವನ ಹಿಂದೆ ಮೂಟೆಗಳು, ಮೂಟೆಗಳ ಹಿಂದೆ ಹಳದಿ. ನಾನು ಗುಂಡಿ ಒತ್ತಿ ನಿಲ್ಲಿಸಿದೆ.

ಈಗ ಅದು ಕಲೆಯಾಗಿರಲಿಲ್ಲ. ಹಳದಿ ರವಿಕೆಯ ಹುಡುಗಿ. ಕ್ಯಾಮೆರಾ ನೋಡಬಾರದು ಅಂತ ಎಲ್ಲರಿಗೂ ಹೇಳಿದ್ದಿರಬೇಕು, ಎಲ್ಲರೂ ಎತ್ತಲೋ ನೋಡುತ್ತಿದ್ದರು. ಇವಳೊಬ್ಬಳು ನೇರ ನಮ್ಮನ್ನೇ ನೋಡಿ ನಗುತ್ತಿದ್ದಳು. ಆ ಮೂಗು ನನಗೆ ಗೊತ್ತಿತ್ತು. ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ. ಆ ಹುಬ್ಬು, ಮೇಲಿನ ಸಾಲಿನಲ್ಲಿ ಸ್ವಲ್ಪ ಓರೆಯಾದ ಆ ಒಂದು ಹಲ್ಲು, ಎಲ್ಲ ನನ್ನದೇ. ಚಿಕ್ಕಮ್ಮನ ಮುಖದಲ್ಲಿ ಅದ್ಯಾವುದೂ ಇಲ್ಲ.

ಅಮ್ಮ.

ಮನೆಯಲ್ಲಿರುವುದು ಅಮ್ಮನ ಐದು ಫೋಟೋ, ಐದರಲ್ಲೂ ತುಟಿ ಬಿಗಿದುಕೊಂಡಿದ್ದಾಳೆ. ಅವಳು ನಕ್ಕರೆ ಹೇಗಿರುತ್ತಿತ್ತು, ನಡೆದರೆ ಹೇಗಿರುತ್ತಿತ್ತು ಅನ್ನುವುದು ನನಗೆ ತಿಳಿಯದು. ಗುಂಡಿ ಒತ್ತಿದೆ. ಅವಳು ಬಾಯಿಗೆ ಏನೋ ಹಾಕಿಕೊಂಡು, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಪಕ್ಕದವಳ ಕಡೆ ತಿರುಗಿದಳು. ಅಷ್ಟೇ. ಮತ್ತೆ ಹಿಂದಕ್ಕೆ ತಂದು ಆ ಮುಖದ ಮೇಲೆ ನಿಲ್ಲಿಸಿದೆ.

ಉಳಿದದ್ದೆಲ್ಲ ತಾನಾಗಿ ಜೋಡಿಸಿಕೊಂಡಿತು. ಜ್ವರ ಇರಲಿಲ್ಲ. ಅಕ್ಕ ಶೂಟಿಂಗ್ ನೋಡಲು ಓಡಿದ್ದಳು, ತಂಗಿ ಬಾಗಿಲು ಕಾದಿದ್ದಳು. ಇಬ್ಬರಲ್ಲಿ ಒಬ್ಬಳನ್ನು ಕಂಡೆ ಅಂತ ತಾತನ ಕಿವಿಗೆ ಬಿದ್ದಾಗ, ಮದುವೆ ಗೊತ್ತಾದ ಅಕ್ಕನನ್ನು ಉಳಿಸಲು, ಅದು ನಾನೇ ಅಂದವಳು ಇವಳು. ಟಿವಿಯ ಬೆನ್ನು ಮುಟ್ಟಿ ನೋಡುವ ಗಂಡಿಗೆ ಅಕ್ಕ ಸುಳ್ಳು ಹೇಳಿದಳು ಅಂತ ಗೊತ್ತಾಗಬಾರದಿತ್ತು. ಅದಕ್ಕೆ ಕಾಲೇಜು ಹೋಯಿತು. ಅಕ್ಕ ಹೋದ ಮೇಲೂ ಮಾತು ಬಿಡಲಿಲ್ಲ. ನಾವು ಅವಳ ಜಂಬ ಅಂದುಕೊಂಡದ್ದು, ಅವಳು ಆ ಹಳದಿ ಕಲೆಯಲ್ಲಿ ಅಕ್ಕನನ್ನು ನೋಡುತ್ತಿದ್ದದ್ದು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಇವಳನ್ನು ಹಿಡಿಯುವುದಕ್ಕಾ ನಾನು ಇಷ್ಟೆಲ್ಲ ಹೂಡಿದ್ದು?

ಚಿಕ್ಕಮ್ಮ ಟಿವಿ ನೋಡುತ್ತಿರಲಿಲ್ಲ. ಅಪ್ಪನ ಮುಖ ನೋಡುತ್ತಿದ್ದಳು.

"ಯಾರದು?" ಅಂತ ಕೇಳಿದರು ಅಪ್ಪ.

"ಚಿಕ್ಕಮ್ಮ," ಅಂದೆ. "ಅಂದ್ರೆ, ಅವಳೇ ಇರ್ಬೇಕು. ಎಲ್ಲಾ ಮಸುಕು ಮಸುಕು. ಅಂಗಡಿಯವನು ಸರಿಯಾಗಿ ಟೋಪಿ ಹಾಕಿದ ಅಪ್ಪ. ಡಿವಿಡಿಗೂ ಇದಕ್ಕೂ ಏನೇನೂ ವ್ಯತ್ಯಾಸ ಇಲ್ಲ."

ಕಣ್ಣಿಗೆ ಕಂಡದ್ದನ್ನು ಕಂಡಿಲ್ಲ ಅಂತ ನಾನು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳಲ್ಲಿ ಪಾತ್ರೆ ತೊಳೆದ ಸೋಪಿನ ವಾಸನೆ ಇನ್ನೂ ಇತ್ತು.

ಅಪ್ಪ ಪರದೆಯ ಮೇಲೆ ನಿಂತಿದ್ದ ಆ ಮುಖದಿಂದ ಕಣ್ಣು ಕೀಳಲಿಲ್ಲ. ಇಷ್ಟು ವರ್ಷ ಕೂಡಿಟ್ಟ ಪ್ರಶ್ನೆಗಳೆಲ್ಲ ಈಗ ಒಂದೊಂದಾಗಿ ಬರುತ್ತವೆ ಅಂತ ನಾನು ಕಾದು ಕೂತಿದ್ದೆ.

"ಹೌದು," ಅಂದರು ಕೊನೆಗೆ. "ಏನೂ ವ್ಯತ್ಯಾಸ ಇಲ್ಲ."

ಆಮೇಲೆ ಕುರ್ಚಿಯಿಂದ ಎದ್ದರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಟಿವಿಯ ಮುಂದೆ, ಮೊಣಕಾಲು ತಗಲುವಷ್ಟು ಹತ್ತಿರ ಹಾಕಿಕೊಂಡು ಕೂತರು.

"ಇನ್ನೊಂದ್ಸಲ ಹಾಕು," ಅಂದರು.